ಮಳೆ ತಾಗದ ಕುಂಡಗಳು

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಕಲ್ಲು ಪಾಚಿಗಟ್ಟುತ್ತದೆ, ಮುರಕಲ್ಲಿನ ಕಂಪೌಂಡಿನ ಸಂದುಸಂದಿನಲ್ಲೂ ಜರೀಗಿಡ ಏಳುತ್ತದೆ. ಅದೇ ಹೊತ್ತಿಗೆ ಮಡಗಾಂವ್‌ನ ಫ್ಲ್ಯಾಟೊಂದರ ಬಾಲ್ಕನಿಯಲ್ಲಿ, ಮೇಲಿನ ಮನೆಯ ಸಜ್ಜದ ಅಡಿಯಲ್ಲಿ ಕೂತ ದಾಸವಾಳದ ಎಲೆಗೆ ಇಡೀ ಮಳೆಗಾಲದಲ್ಲಿ ನಾಲ್ಕು ಹನಿಯೂ ಬೀಳುವುದಿಲ್ಲ. ಬುಡಕ್ಕೆ ದಿನಾ ಒಂದು ಚೊಂಬು ನೀರು ಸಿಗುತ್ತದೆ, ಎಲೆ ಮಾತ್ರ ವರ್ಷವಿಡೀ ಒಣಗಿಯೇ ಇರುತ್ತದೆ. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಆ ಎಲೆಯ ಪಾಲಿಗೆ ಏಪ್ರಿಲ್ ಮುಗಿದೇ ಇಲ್ಲ.

ಕುಂಡದ ಗಿಡಗಳ ಹುಳುಕಾಟದ ಮಾತು ಬಂದಾಗಲೆಲ್ಲ ನಾವು ಔಷಧಿಯಿಂದ ಶುರು ಮಾಡುತ್ತೇವೆ. ನಾನು ಮಳೆಯಿಂದ ಶುರು ಮಾಡಬೇಕೆನ್ನುತ್ತೇನೆ. ಎಲೆಯ ಅಡಿಯಲ್ಲಿ ಬದುಕುವ ಸಣ್ಣ ಜೀವಿಗಳಿಗೆ ರಭಸದ ಮಳೆಯಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಹನಿಗಳ ಹೊಡೆತಕ್ಕೆ ಸಸ್ಯಹೇನು ಉದುರಿ ಮಣ್ಣು ಸೇರುತ್ತದೆ, ನುಸಿಯ ಬಲೆ ಹರಿಯುತ್ತದೆ, ಹಿಟ್ಟುತಿಗಣೆಯ ಮರಿಗಳು ಕೊಚ್ಚಿಹೋಗುತ್ತವೆ. ಉಳಿದವಕ್ಕೆ ಆರ್ದ್ರತೆಯಲ್ಲಿ ಬೆಳೆಯುವ ಶಿಲೀಂಧ್ರ ತಗಲುತ್ತದೆ. ತೋಟದ ಗಿಡಕ್ಕೆ ನಾಲ್ಕು ತಿಂಗಳು ಪುಕ್ಕಟೆಯಾಗಿ ಸಿಗುವ ಈ ಉಪಚಾರವನ್ನು ಸಜ್ಜದ ಕೆಳಗಿನ ಗಿಡದಿಂದ ನಾವೇ ಕಿತ್ತುಕೊಂಡಿದ್ದೇವೆ.

ಇದರ ಲಾಭವನ್ನು ಮೊದಲು ಪಡೆಯುವುದು ಕೆಂಪು ಜೇಡನುಸಿ. ಹೆಸರು ಕೆಂಪು ಎಂದಿದ್ದರೂ ಎಷ್ಟೋ ಸಲ ಹಸಿರು-ಹಳದಿಯಾಗಿಯೇ ಇರುತ್ತದೆ. ಅರ್ಧ ಮಿಲಿಮೀಟರ್ ಉದ್ದ, ಎಂಟು ಕಾಲು. ಇದು ಕೀಟವಲ್ಲ, ಜೇಡದ ಬಳಗ. ಎಲೆಯ ಅಡಿಯಲ್ಲಿ ಕೂತು ಜೀವಕೋಶಕ್ಕೆ ಸೂಜಿಯಂಥ ಬಾಯಿ ಚುಚ್ಚಿ ಒಳಗಿನ ಹಸಿರನ್ನು ಹೀರುತ್ತದೆ. ಚುಚ್ಚಿದಲ್ಲೆಲ್ಲ ಎಲೆಯ ಮೇಲ್ಮುಖದಲ್ಲಿ ಮಾಸಲು ಚುಕ್ಕೆ ಕಾಣುತ್ತದೆ. ಚುಕ್ಕೆಗಳು ಒಂದಕ್ಕೊಂದು ಕೂಡಿದಾಗ ಎಲೆ ಬೂದಿ ಎರಚಿದ ಹಾಗೆ ಬಿಳಿಚಿಕೊಂಡು, ಕಂದಾಗಿ, ಉದುರುತ್ತದೆ. ಬಿಸಿ, ಒಣ ಹವೆಯಲ್ಲಿ ಮೊಟ್ಟೆಯಿಂದ ಪ್ರೌಢ ನುಸಿಯಾಗಲು ಎಂಟು-ಹತ್ತು ದಿನ ಸಾಕು. ಗಂಡಿನ ಸಂಗವಿಲ್ಲದೆ ಇಟ್ಟ ಮೊಟ್ಟೆಗಳಿಂದಲೂ ಮರಿ ಬರುತ್ತವೆ, ಅವೆಲ್ಲ ಗಂಡು. ಹಾಗಾಗಿ ಗಾಳಿಯಲ್ಲಿ ತೇಲಿಬಂದ ಒಂದೇ ಹೆಣ್ಣು ನುಸಿ ಒಂದು ಸಂಸಾರ ಹೂಡಬಲ್ಲದು.

ಇದನ್ನು ಪತ್ತೆ ಮಾಡಲು ಉಪಕರಣ ಬೇಡ. ಅನುಮಾನವಿರುವ ಎಲೆಯ ಕೆಳಗೆ ಒಂದು ಬಿಳಿ ಹಾಳೆ ಹಿಡಿದು ಎಲೆಯನ್ನು ಬೆರಳಿನಿಂದ ಎರಡು ಬಾರಿ ತಟ್ಟಿ. ಹಾಳೆಯ ಮೇಲೆ ಧೂಳು ಬೀಳುತ್ತದೆ. ಒಂದು ನಿಮಿಷ ಸುಮ್ಮನೆ ನೋಡುತ್ತಿರಿ; ಆ ಧೂಳಿನ ಕಣಗಳಲ್ಲಿ ಕೆಲವು ನಡೆಯಲು ಶುರುಮಾಡುತ್ತವೆ. ನಡೆಯುವ ಕಣ ಕಂಡಿತೆಂದರೆ ಕುಂಡವನ್ನು ಬಚ್ಚಲಿಗೆ ಒಯ್ಯಿರಿ. ಹ್ಯಾಂಡ್ ಶವರ್ ಹಿಡಿದು, ಎಲೆಗಳನ್ನು ಮಗುಚಿ ಮಗುಚಿ, ಅಡಿಭಾಗಕ್ಕೆ ನೀರು ಬಡಿಯುವ ಹಾಗೆ ತೊಳೆಯಿರಿ. ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ಇದನ್ನೇ ಮಾಡಿದರೆ ಹೊಸದಾಗಿ ಒಡೆದ ಮೊಟ್ಟೆಯ ಮರಿಗಳೂ ಹೋಗುತ್ತವೆ. ಸಜ್ಜ ತಡೆದ ಮಳೆಯನ್ನು ಗಿಡಕ್ಕೆ ಹಿಂದಿರುಗಿಸಿದಂತಾಯಿತು, ಅಷ್ಟೆ. ಸಾಮಾನ್ಯ ಕೀಟನಾಶಕಗಳಲ್ಲಿ ಹಲವು ನುಸಿಯನ್ನು ಕೊಲ್ಲುವುದಿಲ್ಲ. ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳನ್ನು ಮಾತ್ರ ಕೊಲ್ಲುತ್ತವೆ. ಸಿಂಪಡಿಸಿದ ಮೇಲೆ ಕಾಟ ಹೆಚ್ಚಾಯಿತೆಂದು ಜನ ಹೇಳುವುದಕ್ಕೆ ಇದೇ ಕಾರಣ.

ಮಳೆಯ ನಂತರ ಕುಂಡದ ಗಿಡಕ್ಕೆ ಇಲ್ಲದ ಎರಡನೆಯ ಸಂಗತಿ ನೆರೆಹೊರೆ. ನೆಲದ ದಾಸವಾಳದ ಸುತ್ತ ಹುಲ್ಲಿದೆ, ತರಗೆಲೆಯಿದೆ, ಅದರಲ್ಲಿ ಜೇಡ, ಓತಿಕ್ಯಾತ, ಗುಲಗಂಜಿ ಹುಳು, ಚಗಳಿ ಇರುವೆ ಎಲ್ಲವೂ ಇವೆ. ಮೂರನೇ ಮಹಡಿಗೆ ತಿನ್ನುವವರು ಬೇಗ ಬರುತ್ತಾರೆ, ತಿನ್ನುವವರನ್ನು ತಿನ್ನುವವರು ತಡವಾಗಿ ಬರುತ್ತಾರೆ. ಆ ನಡುವಿನ ಎರಡು-ಮೂರು ವಾರದಲ್ಲಿ ಗಿಡ ನೋಡಲಾರದಷ್ಟು ಕೆಟ್ಟಿರುತ್ತದೆ, ನಮ್ಮ ತಾಳ್ಮೆ ಮುಗಿದು ಕೈ ಸ್ಪ್ರೇ ಡಬ್ಬಿಗೆ ಹೋಗುತ್ತದೆ. ಆಗ ಸಾಯುವುದು ಆಗಷ್ಟೇ ಬಂದಿಳಿದ ಮಿತ್ರರು.

ಹಾಳಾದ ಎಲೆಯನ್ನು ಓದಲು ಕಲಿತರೆ ಈ ಅವಸರ ತಪ್ಪುತ್ತದೆ. ಎಲೆಯಲ್ಲಿ ತೂತು ಬಿದ್ದಿದ್ದರೆ, ಅಂಚು ಕಡಿದಿದ್ದರೆ ಅಗಿದು ತಿನ್ನುವ ಬಾಯಿಯ ಪ್ರಾಣಿ ಬಂದಿದೆ. ಎಲೆ ಇಡಿಯಾಗಿದ್ದು ಬಣ್ಣಗೆಟ್ಟಿದ್ದರೆ, ಮುದುಡಿದ್ದರೆ ಹೀರುವ ಬಾಯಿಯದು. ಬೆಳ್ಳಿಯ ಗೆರೆ ಸೊಟ್ಟಸೊಟ್ಟಗೆ ಹರಿದಿದ್ದರೆ ರಂಗೋಲಿ ಹುಳು. ಅದು ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು ಅಲ್ಲೇ ಬೆಳೆಯುತ್ತದೆ. ಲಿಂಬೆಯ ಎಳೆ ಎಲೆಯಲ್ಲಿ ಇದು ಸಾಮಾನ್ಯ. ಹುಳು ಒಳಗಿರುವುದರಿಂದ ಮೇಲೆ ಸಿಂಪಡಿಸಿದ್ದು ಹೆಚ್ಚಾಗಿ ವ್ಯರ್ಥ. ಗೆರೆ ಬಿದ್ದ ಎಲೆಯನ್ನು ಚಿವುಟಿದರೆ ಮುಗಿಯಿತು.

ನಂದಿಬಟ್ಟಲು, ಕಣಗಿಲೆ, ಅಡೀನಿಯಂ ಗಿಡಗಳಲ್ಲಿ ಒಂದು ಕೊಂಬೆ ರಾತ್ರಿ ಬೆಳಗಾಗುವುದರೊಳಗೆ ಬೋಳಾಗಿದ್ದರೆ ಎಲೆಯನ್ನು ಬಿಟ್ಟು ನೆಲವನ್ನು ನೋಡಿ. ಕಾಳುಮೆಣಸಿನ ಗಾತ್ರದ ಹಿಕ್ಕೆ ಬಿದ್ದಿರುತ್ತದೆ. ಅದರ ನೇರ ಮೇಲೆ, ಎಲೆಯದೇ ಬಣ್ಣದಲ್ಲಿ, ಬೆರಳಿನಷ್ಟು ದಪ್ಪನಾದ ಹಸಿರು ಹುಳು ಕೂತಿರುತ್ತದೆ. ಮುಟ್ಟಿದರೆ ತಲೆ ಬಾಗಿಸಿ, ಬೆನ್ನಿನ ಮುಂಭಾಗದಲ್ಲಿ ಎರಡು ನೀಲಿ ಕಣ್ಣು ಅರಳಿಸುತ್ತದೆ. ಅವು ನಿಜವಾದ ಕಣ್ಣಲ್ಲ, ಹಕ್ಕಿಯನ್ನು ಬೆದರಿಸುವ ಬಣ್ಣ. ಹೆಚ್ಚೆಂದರೆ ಒಂದೋ ಎರಡೋ ಹುಳು ಇರುತ್ತವೆ. ಕೈಯಿಂದ ತೆಗೆದು ಬೇಲಿಯ ಕಣಗಿಲೆಗೆ ಬಿಟ್ಟರೆ ಕೆಲವು ವಾರಗಳಲ್ಲಿ ಹಸಿರು-ಗುಲಾಬಿ ರೆಕ್ಕೆಯ ದೊಡ್ಡ ಪತಂಗವಾಗುತ್ತದೆ. ಮಳೆ ಶುರುವಾದ ಮೇಲೆ ಸ್ಪೈಡರ್ ಲಿಲ್ಲಿಗೆ ಬರುವ ಹುಳು ಹಾಗಲ್ಲ. ಕಪ್ಪು ಮೈ, ಬಿಳಿ ಚುಕ್ಕೆ, ಕೇಸರಿ ಮಚ್ಚೆ, ಹತ್ತಿಪ್ಪತ್ತರ ಗುಂಪು. ಬಿಟ್ಟರೆ ಗಡ್ಡೆಯವರೆಗೂ ತಿಂದುಬಿಡುತ್ತದೆ. ಅಷ್ಟು ರಾಜಾರೋಷವಾಗಿ ಎಲೆಯ ಮೇಲೆ ಕೂರುವ ಧೈರ್ಯ ಅದಕ್ಕೆ ಬಂದಿರುವುದು ಲಿಲ್ಲಿಯ ವಿಷದಿಂದ. ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲವಾದ್ದರಿಂದ ಈ ಒಂದು ಹುಳುವಿನ ವಿಚಾರದಲ್ಲಿ ನಾವೇ ಹಕ್ಕಿಯ ಕೆಲಸ ಮಾಡಬೇಕು. ಆಯ್ದು ಸಾಬೂನು ನೀರಿಗೆ ಹಾಕಿ, ಕೋಶ ಕಟ್ಟಲು ಕೆಲವು ಮಣ್ಣಿಗಿಳಿದಿರುತ್ತವಾದ್ದರಿಂದ ಕುಂಡದ ಮೇಲ್ಮಣ್ಣನ್ನೂ ಕೆದಕಿ.

ಇನ್ನು ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ಒಪ್ಪವಾದ ಅರ್ಧಚಂದ್ರ ಕಂಡರೆ ದಯವಿಟ್ಟು ಏನೂ ಮಾಡಬೇಡಿ. ಅದು ಎಲೆಗತ್ತರಿ ಜೇನು. ಎಲೆಯನ್ನು ತಿನ್ನುವುದಿಲ್ಲ, ತುಂಡನ್ನು ಒಯ್ದು ಮರಿಗಳ ಗೂಡಿಗೆ ಗೋಡೆ ಮಾಡುತ್ತದೆ. ನಿಮ್ಮ ಬದನೆ, ಅಲಸಂದೆ ಹೂಗಳಿಗೆ ಬರುವ ಜೇನುಗಳಲ್ಲಿ ಅದೂ ಒಂದು. ಅಗಲ ಎಲೆಯ ಗಿಡದಲ್ಲಿ ಅಂಚಿನುದ್ದಕ್ಕೂ ಸಣ್ಣ ತೂತು ಬಿದ್ದು, ತೂತಿನಲ್ಲಿ ಹತ್ತಿಯ ಎಳೆ ಕಂಡರೆ ಸಿಂಪಿಗ ಹಕ್ಕಿ ಗೂಡು ಹೊಲಿಯುತ್ತಿದೆ ಎಂದು ತಿಳಿಯಿರಿ. ಆ ಕುಂಡವನ್ನು ಜರುಗಿಸಬಾರದು.

ಗೋವಾದ ಹಳ್ಳಿಮನೆಗಳಲ್ಲಿ ಈಚೆಗೆ ಪದೇ ಪದೇ ಕಾಣುವ ಒಂದು ತೊಂದರೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಲ್ಕಾಂವ್ ಎನ್ನುವ ಮುಂದಿನ ಜಗಲಿಯ ಮೆಟ್ಟಿಲ ಪಕ್ಕ ಸಾಲಾಗಿ ಕ್ರೋಟನ್ ಕುಂಡಗಳಿರುತ್ತವೆ. ಹಳದಿ, ಕೆಂಪು, ಹಸಿರು ಮಿಶ್ರಿತ ಎಲೆಗಳು ಒಂದು ದಿನ ಇದ್ದಿಲು ಸವರಿದಂತೆ ಕಪ್ಪಾಗುತ್ತವೆ. ಮುಟ್ಟಿದರೆ ಅಂಟು. ಮನೆಯವರು ಎಲೆಯಡಿ ಹುಡುಕಿದರೆ ಒಂದು ಹುಳುವೂ ಸಿಗುವುದಿಲ್ಲ. ಹಾಗಾಗಿ ಕಪ್ಪು ರೋಗವೆಂದು ಶಿಲೀಂಧ್ರನಾಶಕ ತರುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಕಪ್ಪು. ಅಪರಾಧಿ ಕುಂಡದಲ್ಲಿಲ್ಲ, ತಲೆಯ ಮೇಲೆ ಹನ್ನೆರಡು ಮೀಟರ್ ಎತ್ತರದಲ್ಲಿ ತೆಂಗಿನ ಗರಿಯ ಅಡಿಯಲ್ಲಿದೆ.

ಅಲ್ಲಿರುವುದು ಸುರುಳಿ ಬಿಳಿನೊಣ. ಹೆಣ್ಣು ಗರಿಯ ಅಡಿಭಾಗದಲ್ಲಿ ಸುತ್ತುತ್ತ ಮೇಣದ ಬಿಳಿ ಸುರುಳಿ ಬಿಡಿಸಿ ಅದರಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಒಂದೆಡೆ ಕೂತು ಗಿಡದ ನಾಳಕ್ಕೆ ಬಾಯಿ ಚುಚ್ಚುತ್ತವೆ. ನಾಳದ ರಸದಲ್ಲಿ ಸಕ್ಕರೆ ಯಥೇಚ್ಛ, ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲಗಳು ತೀರ ಕಡಿಮೆ. ಸಾಕಷ್ಟು ಅಮೈನೋ ಆಮ್ಲ ಸಿಗಬೇಕೆಂದರೆ ಲೆಕ್ಕವಿಲ್ಲದಷ್ಟು ರಸ ಹೀರಲೇಬೇಕು, ಬೇಡದ ಸಕ್ಕರೆಯನ್ನು ಹೊರಗೆ ಬಿಡಲೇಬೇಕು. ಆ ಸಿಹಿ ಅಂಟು ತುಂತುರಾಗಿ ಕೆಳಗಿನ ಕ್ರೋಟನ್ ಮೇಲೆ, ಮಲ್ಲಿಗೆಯ ಮೇಲೆ, ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಬೀಳುತ್ತದೆ. ಗಾಳಿಯಲ್ಲಿರುವ ಕಪ್ಪು ಬೂಷ್ಟಿನ ಬೀಜಕಣಗಳು ಅದರ ಮೇಲೆ ಮೊಳೆಯುತ್ತವೆ. ಬೂಷ್ಟು ಎಲೆಯ ಒಳಗೆ ಹೋಗುವುದಿಲ್ಲ, ಸಕ್ಕರೆಯನ್ನಷ್ಟೇ ಉಣ್ಣುತ್ತದೆ. ಹಾನಿ ಎಂದರೆ ಬೆಳಕಿಗೆ ಅಡ್ಡ ಬರುವುದು. ಅದಕ್ಕೆ ಮದ್ದು ಗಂಜಿ. ಲೀಟರ್ ನೀರಿಗೆ ಹತ್ತು ಗ್ರಾಂನಂತೆ ಮೈದಾ ಅಥವಾ ಪಿಷ್ಟ ಕುದಿಸಿ, ಆರಿಸಿ, ಎಲೆಗೆ ಸಿಂಪಡಿಸಿದರೆ ಒಣಗಿದ ಗಂಜಿಯ ಪದರ ಬೂಷ್ಟನ್ನು ಹಿಡಿದುಕೊಂಡೇ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಕುಂಡ ನಾಲ್ಕೇ ಇದ್ದರೆ ಒದ್ದೆ ಬಟ್ಟೆ ಸಾಕು.

ಈ ನೊಣ ನಮ್ಮ ಊರಿನದಲ್ಲ. ವಿಜ್ಞಾನಕ್ಕೆ ಇದರ ಪರಿಚಯವಾದದ್ದು 2004ರಲ್ಲಿ, ಮಧ್ಯ ಅಮೆರಿಕದ ಬೆಲೀಜ್ ದೇಶದ ತೆಂಗಿನ ಮೂಲಕ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯ ತೋಟಗಳಲ್ಲಿ. ಅಲ್ಲಿಂದ ಕೇರಳ, ದಕ್ಷಿಣ ಕನ್ನಡ, ಉಡುಪಿ ಎನ್ನುತ್ತ ಕರಾವಳಿಯಗುಂಟ ಹರಡಿ ಗೋವಾಕ್ಕೂ ಬಂತು. ತೆಂಗಿನ ಜೊತೆಗೆ ಬಾಳೆ, ಪೇರಳೆ, ಚಿಕ್ಕು, ಹಲವು ಅಲಂಕಾರದ ಗಿಡಗಳೂ ಇದಕ್ಕೆ ಆಹಾರ. ಗೋವಾದ ಅಂಗಳವನ್ನು ಬಲ್ಲವರಿಗೆ ಇದರಲ್ಲಿ ಒಂದು ಹಳೆಯ ಕಥೆಯ ಮುಂದುವರಿಕೆ ಕಾಣುತ್ತದೆ. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರ ಹಡಗುಗಳು ಮೆಣಸಿನಕಾಯಿ, ಗೇರು, ಪಪ್ಪಾಯಿ, ಪೇರಳೆ, ಅನಾನಸ್‌ಗಳನ್ನು ಅಮೆರಿಕದಿಂದ ಇತ್ತ ತಂದವು. ಬೀಜ, ಸಸಿ ಬಂದವು, ಅವುಗಳ ಕೀಟಗಳಲ್ಲಿ ಬಹಳಷ್ಟು ಅಲ್ಲೇ ಉಳಿದವು. ನಾಲ್ಕು ನೂರು ವರ್ಷ ಆ ಗಿಡಗಳು ತಮ್ಮ ಹಳೆಯ ವೈರಿಗಳಿಲ್ಲದೆ ಇಲ್ಲಿ ಸುಖವಾಗಿದ್ದವು. ಈಗ ವಿಮಾನ, ಕಂಟೇನರುಗಳ ಕಾಲದಲ್ಲಿ ವೈರಿಗಳು ಒಂದೊಂದಾಗಿ ವಿಳಾಸ ಹುಡುಕಿಕೊಂಡು ಬರುತ್ತಿವೆ.

ಒಳ್ಳೆಯ ಸುದ್ದಿಯೆಂದರೆ ವೈರಿಯ ವೈರಿಗಳೂ ಬರುತ್ತವೆ. 1993ರಲ್ಲಿ ಕೇರಳದಲ್ಲಿ ಇದೇ ಕುಲದ ಇನ್ನೊಂದು ಬಿಳಿನೊಣ ಕಾಣಿಸಿಕೊಂಡಿತ್ತು. ಕೆಲವು ವರ್ಷಗಳ ಮೇಲೆ, ಯಾರೂ ತರದೆ, ಅದರ ಬೆನ್ನಿಗೇ ಎನ್ಕಾರ್ಸಿಯಾ ಗ್ವಾಡೆಲೂಪೆ ಎಂಬ ಪುಟಾಣಿ ಕಣಜ ಬಂದು ನೆಲೆಸಿತು. ಒಂದು ಮಿಲಿಮೀಟರೂ ಇಲ್ಲದ ಈ ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ, ಕಣಜದ ಮರಿ ಅದನ್ನು ಒಳಗಿನಿಂದ ತಿಂದು ಬೆಳೆಯುತ್ತದೆ. 2016ರ ಹೊಸ ನೊಣಕ್ಕೂ ಅದೇ ಕಣಜ ಒಗ್ಗಿಕೊಂಡಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮತ್ತು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗಳು ಆಗ ರೈತರಿಗೆ ಕೊಟ್ಟ ಸಲಹೆಯ ತಿರುಳು ಇದು: ವಿಷ ಸಿಂಪಡಿಸಬೇಡಿ, ಕಣಜ ಉಳಿಯಲಿ. ತೋಟ ಕಪ್ಪಾಗುತ್ತಿರುವಾಗ ಸುಮ್ಮನಿರಿ ಎಂದು ಹೇಳಲು ಧೈರ್ಯ ಬೇಕು. ಆ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಾಸರಗೋಡಿನ ಸಂಸ್ಥೆಯ ವಿಜ್ಞಾನಿಗಳು ಆ ಬೂಷ್ಟನ್ನೇ ಮೇಯ್ದು ಗರಿಯನ್ನು ಚೊಕ್ಕಟ ಮಾಡುವ ಒಂದು ದುಂಬಿಯನ್ನೂ ಗುರುತಿಸಿದರು, ಲೈಯೊಕ್ರೈನಸ್ ನೀಲಗಿರಿಯಾನಸ್ ಅಂತ. ಹೆಸರೇ ಹೇಳುವಂತೆ ಅದು ನಮ್ಮ ಬೆಟ್ಟಗಳದೇ.

ಕಣಜ ಬಂದಿದೆಯೇ ಎಂದು ತಿಳಿಯಲು ಬಿದ್ದ ಗರಿಯ ತುಂಡೊಂದನ್ನು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಮೇಣದ ನಡುವೆ ನೊಣದ ಮರಿಗಳ ಚಪ್ಪಟೆ ಮೈ ಕಾಣುತ್ತದೆ. ಹಳದಿ ಛಾಯೆಯಿದ್ದರೆ ಅದು ಇನ್ನೂ ನೊಣದ ಸೊತ್ತು. ಕಪ್ಪಾಗಿದ್ದರೆ ಒಳಗೆ ಕಣಜ ಬೆಳೆಯುತ್ತಿದೆ. ಖಾಲಿ ಸಿಪ್ಪೆಯ ಬೆನ್ನು ಸೀಳಿದ್ದರೆ ನೊಣ ಹಾರಿದೆ, ದುಂಡಗೆ ತೂತಾಗಿದ್ದರೆ ಕಣಜ ಹಾರಿದೆ. ದುಂಡು ತೂತುಗಳು ಹೆಚ್ಚುತ್ತಿವೆ ಎಂದಾದರೆ ಅಂಗಳದ ಕ್ರೋಟನ್‌ಗಳಿಗೆ ಗಂಜಿ ಉಪಚಾರ ಮಾತ್ರ ಮಾಡಿಕೊಂಡು ಕಾಯಬಹುದು.

ಹಿಟ್ಟುತಿಗಣೆಯ ಇತಿಹಾಸವೂ ಇದೇ ದಾರಿಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳನ್ನು ಬೆಳ್ಳಗೆ ಮುಚ್ಚುತ್ತ ಹರಡಿದಾಗ, 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ಬೆಂಗಳೂರಿಗೆ ತರಿಸಿ ಬಿಡುಗಡೆ ಮಾಡಲಾಯಿತು. ಅವುಗಳಲ್ಲಿ ಅಸಿರೊಫೇಗಸ್ ಪಪಾಯೆ ಎಂಬುದು ಕೀಟನಾಶಕ ಸೋತ ಕಡೆ ಗೆದ್ದಿತು. ಅದಕ್ಕೂ ಬಹಳ ಹಿಂದೆ, 1898ರಲ್ಲಿ, ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಈಗ ಹಿಟ್ಟುತಿಗಣೆಗೆ ಯಮ. ಇದರ ಮರಿಯ ಬಗ್ಗೆ ಎಚ್ಚರ ಬೇಕು. ಅದೂ ಮೈತುಂಬ ಬಿಳಿ ಮೇಣದ ಎಳೆ ಹೊದ್ದು ಥೇಟ್ ದೊಡ್ಡ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ನಿಜವಾದ ತಿಗಣೆ ಕೂತಲ್ಲೇ ಕೂತಿರುತ್ತದೆ, ಈ ಮರಿ ಚುರುಕಾಗಿ ಓಡಾಡುತ್ತದೆ. ದಾಸವಾಳದ ಮೊಗ್ಗಿನ ಬಳಿ ಓಡಾಡುವ ಬಿಳಿ ಹುಳು ಕಂಡರೆ ಉಜ್ಜಿಹಾಕಬೇಡಿ. ತಡೆಯಬೇಕಾದದ್ದು ಇರುವೆಗಳನ್ನು. ಸಿಹಿ ಅಂಟಿನ ಆಸೆಗೆ ಅವು ತಿಗಣೆಗಳಿಗೆ ಕಾವಲು ನಿಂತು, ಕಣಜ, ಗುಲಗಂಜಿಗಳನ್ನು ಹತ್ತಿರ ಸೇರಿಸುವುದಿಲ್ಲ. ನೀರಿನ ತಟ್ಟೆಯ ನಡುವೆ ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡ ಕೂರಿಸಿದರೆ ಇರುವೆ ಹತ್ತಲಾರದು. ತಟ್ಟೆಯ ನೀರನ್ನು ಎರಡು-ಮೂರು ದಿನಕ್ಕೊಮ್ಮೆ ಚೆಲ್ಲದಿದ್ದರೆ ಮಾತ್ರ ಸೊಳ್ಳೆ ಸಾಕಿದಂತಾಗುತ್ತದೆ.

ತುಳಸಿಯ ಮಾತು ಬೇರೆ. ಗೋವಾದ ಹಿಂದೂ ಮನೆಗಳ ಅಂಗಳದಲ್ಲಿ ವೃಂದಾವನಕ್ಕಿರುವ ಸ್ಥಾನ ಕಾರವಾರ, ಅಂಕೋಲೆಯವರಿಗೆ ಹೇಳಬೇಕಾದ್ದಿಲ್ಲ. ಮಳೆ ನಿಂತು, ಕಾರ್ತಿಕದ ತುಳಸಿ ಮದುವೆಯೂ ಮುಗಿದ ಮೇಲೆ, ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿ ಮುದುಡತೊಡಗಿದರೆ ನೀರು ಕಡಿಮೆಯಾಯಿತೆಂದು ಜನ ಇನ್ನಷ್ಟು ನೀರು ಸುರಿಯುತ್ತಾರೆ. ಎಲೆ ಮಗುಚಿ ನೋಡಬೇಕು. ಅಡಿಯಲ್ಲಿ ಟಾರಿನ ಹನಿಯಂತೆ ಹೊಳೆಯುವ ಕಪ್ಪು ಚುಕ್ಕೆಗಳಿದ್ದರೆ ಅದು ತುಳಸಿಯ ಜಾಲರಿ ತಿಗಣೆಯ ಹಿಕ್ಕೆ. ಎರಡು-ಮೂರು ಮಿಲಿಮೀಟರಿನ ಈ ತಿಗಣೆಯ ರೆಕ್ಕೆಗಳು ನಿಜಕ್ಕೂ ಲೇಸಿನ ಕಸೂತಿಯಷ್ಟು ಸುಂದರ. ತುಳಸಿಯ ಘಾಟು ಅದಕ್ಕೆ ಅಡ್ಡಿಯಾಗುವುದಿಲ್ಲ. ಮೊಟ್ಟೆಯನ್ನು ಎಲೆಯ ಒಳಗೇ ಚುಚ್ಚಿ ಇಡುವುದರಿಂದ ತೊಳೆದರೆ ಮಾತ್ರ ಸಾಲದು. ಕೆಟ್ಟ ಕುಡಿಗಳನ್ನು ಕತ್ತರಿಸಿ ದೂರ ಹಾಕಿ, ಉಳಿದದ್ದನ್ನು ತೊಳೆಯಬೇಕು. ತುಳಸಿ ಚೆನ್ನಾಗಿ ಚಿಗುರುವ ಗಿಡ, ಕತ್ತರಿಸಲು ಅಂಜಬೇಕಿಲ್ಲ. ತೀರ್ಥಕ್ಕೂ ಕಷಾಯಕ್ಕೂ ಹೋಗುವ ಎಲೆಗೆ ಅಂಗಡಿಯ ಕೀಟನಾಶಕ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಲಾರೆ. ಕರಿಬೇವಿಗೂ ಇದೇ ಮಾತು.

ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದು ನೆಲೆಸಿದ ಕನ್ನಡದ ಕುಟುಂಬಗಳು ಬಹಳ. ಪೇಂಟ್ ಡಬ್ಬಿ, ಒಡೆದ ಬಕೆಟ್ಟಿನಲ್ಲಿ ಮೆಣಸಿನಗಿಡ ಬೆಳೆಸುವವರಿಗೆ ಮುಟುರು ರೋಗ ಹೊಸದಲ್ಲ. ಅದನ್ನೂ ಓದಬಹುದು. ಎಲೆಯ ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿದ್ದರೆ ಹಳದಿ ನುಸಿ. ಇಡೀ ಗಿಡ ಗಿಡ್ಡಾಗಿ, ಎಲೆಗಳು ಚಿಕ್ಕದಾಗಿ, ನರಗಳು ದಪ್ಪವಾಗಿ ಗೊಂಚಲುಗಟ್ಟಿದ್ದರೆ ಬಿಳಿನೊಣ ತಂದುಕೊಟ್ಟ ವೈರಸ್. ಮೊದಲಿನ ಎರಡಕ್ಕೆ ಉಪಾಯವಿದೆ. ವೈರಸ್ಸಿಗೆ ಮದ್ದಿಲ್ಲ, ಗಿಡವನ್ನು ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಹಾಕುವುದೇ ಪಕ್ಕದ ಡಬ್ಬಿಯ ಗಿಡಗಳಿಗೆ ಮಾಡುವ ಉಪಕಾರ. ಬೇಗ ಬೆಳೆಯಲೆಂದು ಯೂರಿಯಾ ಹಾಕುವ ಅಭ್ಯಾಸವನ್ನೂ ಬಿಡಬೇಕು. ಸಾರಜನಕ ಹೆಚ್ಚಿದ ಎಳೆ ಎಲೆಯ ರಸ ಹೀರುವ ಕೀಟಗಳಿಗೆ ಇನ್ನಷ್ಟು ಪುಷ್ಟಿಕರ.

ಔಷಧಿಯೇ ಬೇಕಾದರೆ ಎರಡು ಸಾಕು, ಅವು ಕೆಲಸ ಮಾಡುವ ಬಗೆ ತಿಳಿದಿದ್ದರೆ. ಸಾಬೂನು ನೀರು ಕೀಟದ ಮೈಯ ಮೇಣವನ್ನೂ ಕೋಶದ ಪೊರೆಯನ್ನೂ ಕೆಡಿಸುತ್ತದೆ. ಮೈಗೆ ತಾಗಿದರೆ ಮಾತ್ರ, ಹಸಿಯಿದ್ದಾಗ ಮಾತ್ರ. ಒಣಗಿದ ಮೇಲೆ ಅದರಿಂದ ಯಾರಿಗೂ ಅಪಾಯವಿಲ್ಲ, ಆಮೇಲೆ ಬರುವ ಕಣಜಕ್ಕೂ. ಬಟ್ಟೆ ಒಗೆಯುವ ಪುಡಿ ಬೇಡ, ಅದು ಎಲೆಯ ಮೇಣವನ್ನೂ ತೆಗೆಯುತ್ತದೆ. ಬೇವಿನೆಣ್ಣೆಯಾದರೆ ಲೀಟರಿಗೆ 5 ಮಿಲಿ, ನೀರಿನಲ್ಲಿ ಬೆರೆಯಲು ನಾಲ್ಕು ಹನಿ ದ್ರವ ಸಾಬೂನು. ಬೇವಿನ ಅಜಾಡಿರಾಕ್ಟಿನ್ ಕೀಟವನ್ನು ಕೂಡಲೇ ಕೊಲ್ಲುವುದಿಲ್ಲ, ಪೊರೆ ಕಳಚುವ ಹಾರ್ಮೋನನ್ನು ತಡೆದು ಮರಿ ದೊಡ್ಡದಾಗದಂತೆ ಮಾಡುತ್ತದೆ. ಮರುದಿನವೂ ಹುಳು ಬದುಕಿದೆಯೆಂದು ಬೇಸರಪಡುವವರು ಒಂದು ವಾರ ಕಾಯಬೇಕು. ಬಿಸಿಲಿಗೆ ಅದು ಬೇಗ ಕೆಡುವುದರಿಂದ ಸಂಜೆಯ ಹೊತ್ತೇ ಸರಿ. ಜಿರಳೆಯ ಸ್ಪ್ರೇಯನ್ನು ಗಿಡಕ್ಕೆ ಹೊಡೆಯಲೇಬಾರದು, ಎಲೆ ಸುಟ್ಟುಹೋಗುತ್ತದೆ.

ಪರದೇಶದ ಕೀಟಗಳು ಬಾರದಂತೆ ತಡೆಯಲು ಭಾರತದಲ್ಲಿ 1914ರಿಂದಲೇ ಕಾನೂನಿದೆ. ಅಷ್ಟೆಲ್ಲ ಕಾವಲಿದ್ದೂ ಬೆಲೀಜ್‌ನ ನೊಣ ಪೊಳ್ಳಾಚಿಗೆ ಬಂತು. ಆದರೆ ನರ್ಸರಿಯಿಂದ ನಮ್ಮ ಬಾಲ್ಕನಿಗೆ ಬರುವ ದಾರಿ ಚಿಕ್ಕದು, ಅಲ್ಲಿ ಕಾವಲು ಕಾಯುವುದು ನಮ್ಮ ಕೈಯಲ್ಲೇ ಇದೆ. ಮಾಪ್ಸಾದ ಶುಕ್ರವಾರದ ಸಂತೆಯಲ್ಲಾಗಲಿ, ರಸ್ತೆ ಬದಿಯ ನರ್ಸರಿಯಲ್ಲಾಗಲಿ ಗಿಡ ಕೊಳ್ಳುವಾಗ ಹೂವನ್ನು ಆಮೇಲೆ ನೋಡಿ. ಮೊದಲು ಮೂರು ಎಲೆ ಮಗುಚಿ, ಎಲೆ ಕಾಂಡಕ್ಕೆ ಕೂಡುವ ಸಂದು ನೋಡಿ, ಕವರಿನ ತಳದ ತೂತಿನಲ್ಲಿ ಬೇರಿಗೆ ಬಿಳಿ ಹಿಟ್ಟು ಹತ್ತಿದೆಯೇ ನೋಡಿ. ಮನೆಗೆ ತಂದ ಮೇಲೆ ಎರಡು ವಾರ ಬೇರೆ ಗಿಡಗಳಿಂದ ದೂರವಿಡಿ, ಮೊಟ್ಟೆಗಳೇನಾದರೂ ಇದ್ದರೆ ಅಷ್ಟರಲ್ಲಿ ಒಡೆದಿರುತ್ತವೆ. ಜೂನ್ ಬಂದಾಗ ಸಜ್ಜದ ಕೆಳಗಿನ ಕುಂಡಗಳನ್ನು ಸರದಿಯ ಮೇಲೆ ಒಂದೊಂದು ದಿನ ಮಳೆಗೆ ಇಡಿ. ನೀರು ಬಸಿಯುವ ತೂತು ಕಟ್ಟಿಲ್ಲವೆಂದು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.